ತಜ್ಞರು ಬರುವ ತನಕ ಸ್ಥಳ ಕಾಯುವವರು ಯಾರು? ಗೃಹ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಪರ ಮುಖ್ಯ ಕಾರ್ಯದರ್ಶಿಯವರು,
ಗೃಹ ಇಲಾಖೆ, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಕೊಲೆ, ಕಳವು, ಅಸಹಜ ಸಾವು ನಡೆದ ಜಾಗವನ್ನು ವಿಧಿವಿಜ್ಞಾನ ತಜ್ಞರು ಬರುವ ತನಕ ಕಾಪಾಡುವ ಬಗ್ಗೆ.

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವವನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಫೋಟೋ ನನ್ನ ಹೊಟ್ಟೆಪಾಡು. ಇದರ ಜೊತೆಗೆ ಬಹಳ ವರ್ಷಗಳಿಂದ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿದೆ. ಎಲ್ಲಾದರೂ ಕೊಲೆಯಾದರೆ, ಬಾವಿಯಲ್ಲಿ ಹೆಣ ಸಿಕ್ಕಿದರೆ, ಮನೆ ಕಳವಾದರೆ ಠಾಣೆಯಿಂದ ಫೋನ್ ಬರುತ್ತದೆ. "ಕ್ಯಾಮೆರಾ ತಗೊಂಡು ಬನ್ನಿ, ಮಹಜರು ಮಾಡಬೇಕು" ಅನ್ನುತ್ತಾರೆ. ಹೋಗಿ ಫೋಟೋ ತೆಗೆದುಕೊಡುತ್ತೇನೆ. ಕೇಸು ವಿಚಾರಣೆಗೆ ಬಂದಾಗ ಕೋರ್ಟಿಗೆ ಹೋಗಿ, ಈ ಫೋಟೋ ತೆಗೆದವನು ನಾನೇ ಅಂತ ಸಾಕ್ಷಿ ಹೇಳಿ ಬರುತ್ತೇನೆ.

ಹೀಗಾಗಿ ಒಂದು ಕೇಸು ಶುರುವಾಗುವ ಜಾಗವನ್ನೂ ನೋಡಿದ್ದೇನೆ, ಅದು ಮುಗಿಯುವ ಜಾಗವನ್ನೂ ನೋಡಿದ್ದೇನೆ. ನಾನು ಪೊಲೀಸನಲ್ಲ, ವಕೀಲನಲ್ಲ, ವಿಜ್ಞಾನಿಯೂ ಅಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಹೇಳುವ ಹಕ್ಕು ನನಗಿದೆ ಅಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟೇ. ಪ್ರಯೋಗಾಲಯಕ್ಕೆ ಹೋಗಬೇಕಾದ ಪುರಾವೆ ಅಲ್ಲಿಗೆ ತಲುಪುವ ಮೊದಲೇ, ಊರಿನಲ್ಲೇ, ನಮ್ಮೆಲ್ಲರ ಕಣ್ಣೆದುರೇ ಹಾಳಾಗುತ್ತಿದೆ. ಘಟನೆ ಗೊತ್ತಾದ ಹೊತ್ತಿಗೂ ತಜ್ಞರು ಬರುವ ಹೊತ್ತಿಗೂ ನಡುವೆ ಎರಡು ಗಂಟೆಯೋ, ಮೂರು ಗಂಟೆಯೋ ಕಳೆದುಹೋಗುತ್ತದೆ. ಆ ಹೊತ್ತಿಗೆ ಜವಾಬ್ದಾರರು ಯಾರು ಅನ್ನುವುದು ಊರಿನವರಿಗೆ ಗೊತ್ತಿಲ್ಲ. ಅಲ್ಲಿ ನಿಂತಿರುವ ಪೇದೆಗೆ ಗೊತ್ತಿದ್ದರೂ ಅವರ ಕೈಯಲ್ಲಿ ಒಂದು ಹಗ್ಗ ಕೂಡ ಇರುವುದಿಲ್ಲ.

ಕಾನೂನು ಬದಲಾಗಿದೆ, ನಿಜ. 2024ರ ಜುಲೈ 1ರಿಂದ, ತನಿಖೆ ಮತ್ತು ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಿದೆ. ಅದರ 176ನೇ ಸೆಕ್ಷನ್ನಿನ ಮೂರನೇ ಉಪವಿಭಾಗ ಏನು ಹೇಳುತ್ತದೆ ಅಂತ ನಮ್ಮ ಕೋರ್ಟಿನ ವಕೀಲರೊಬ್ಬರು ನನಗೆ ಓದಿ ಹೇಳಿದರು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು. ಪುರಾವೆ ಅವರೇ ಸಂಗ್ರಹಿಸಬೇಕು. ಅದರ ವಿಡಿಯೋ ಆಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕಾಲಾವಕಾಶ ಕೊಟ್ಟಿದ್ದಾರೆ. 105ನೇ ಸೆಕ್ಷನ್ ಪ್ರಕಾರ ಶೋಧನೆ, ಜಪ್ತಿ ಎಲ್ಲದರ ವಿಡಿಯೋ ಮಾಡಬೇಕು. ಅದಕ್ಕೆ ಇ-ಸಾಕ್ಷ್ಯ ಅನ್ನುವ ಆಪ್ ಬಂದಿದೆ. ನಮ್ಮ ರಾಜ್ಯ ಅಪರಾಧ ಸ್ಥಳದ ಕೆಲಸಕ್ಕೆಂದೇ ಸೋಕೋ ಅಧಿಕಾರಿಗಳನ್ನೂ ನೇಮಿಸಿದೆ. ಮುಂದೆ ಠಾಣೆಗಳಿಗೆ ನನ್ನಂಥ ಸ್ಟುಡಿಯೋದವನ ಅಗತ್ಯವೇ ಬೀಳದಿರಬಹುದು. ಅದರ ಬಗ್ಗೆ ನನಗೆ ಸಂತೋಷವೇ ಇದೆ. ಇದು ತರಬೇತಿ ಇದ್ದವರು ಮಾಡಬೇಕಾದ ಕೆಲಸ.

ಆದರೆ ತಜ್ಞರು ಬಂದಾಗ ಅಲ್ಲಿ ಏನು ಉಳಿದಿರುತ್ತದೆ? ನಮ್ಮ ಜಿಲ್ಲೆ ಎಷ್ಟು ಉದ್ದ ಅಂತ ತಮಗೆ ಗೊತ್ತಿದೆ. ಪಾವಗಡ ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು, ತುಮಕೂರಿನಿಂದ ನೂರು ಕಿಲೋಮೀಟರ್ ಹತ್ತಿರ. ಅಲ್ಲಿನ ಒಂದು ಹಳ್ಳಿಯಿಂದ ಫೋನ್ ಹೋಗಿ ಜಿಲ್ಲಾ ಕೇಂದ್ರದಿಂದ ಗಾಡಿ ಹೊರಟರೆ ಯಾವಾಗ ಮುಟ್ಟೀತು? ಅಷ್ಟರಲ್ಲಿ ಊರು ಬಂದು ನೋಡಿರುತ್ತದೆ, ಪಕ್ಕದ ಊರೂ ಬಂದು ನೋಡಿರುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಊರಿನ ಹೆಸರು, ಠಾಣೆಯ ಹೆಸರು ಬರೆಯುವುದಿಲ್ಲ. ಎರಡು ಮನೆಯವರೂ ಇಲ್ಲೇ ಬದುಕುತ್ತಿದ್ದಾರೆ. ನನ್ನ ದೂರು ಒಂದು ಠಾಣೆಯ ಮೇಲೂ ಅಲ್ಲ.

ತೋಟದ ಮನೆಯಲ್ಲಿ ಒಂಟಿಯಾಗಿದ್ದ ಅಜ್ಜಿಯೊಬ್ಬರನ್ನು ರಾತ್ರಿ ಯಾರೋ ಕೊಂದು ಕೊರಳ ಸರ, ಕಿವಿಯ ಓಲೆ ಕಿತ್ತುಕೊಂಡು ಹೋಗಿದ್ದರು. ಬೆಳಿಗ್ಗೆ ಡೇರಿಗೆ ಹಾಲು ತರಲಿಲ್ಲವಲ್ಲ ಅಂತ ಹುಡುಕಿಕೊಂಡು ಹೋದವರು ಮೊದಲು ನೋಡಿದ್ದು. ನಾನು ಹೋಗುವಷ್ಟರಲ್ಲಿ ಅಂಗಳದ ತುಂಬಾ ಬೈಕು. ಮನೆಯೊಳಗೆ ಕಾಲಿಡಲು ಜಾಗವಿಲ್ಲ. ಹೆಂಗಸರು ಅಜ್ಜಿಯ ಪಕ್ಕ ಕೂತು ಅಳುತ್ತಿದ್ದರು. ಯಾರೋ ಮುಖದ ರಕ್ತ ಒರೆಸಿದ್ದರು. ಇನ್ಯಾರೋ ಬೇರೆ ಮಂಚದ ಮೇಲಿದ್ದ ದುಪ್ಪಟಿ ತಂದು ಹೊದಿಸಿದ್ದರು. ನೋಡಲಾಗದೆ ಜಗಲಿಗೆ ಒಂದು ಕೊಡ ನೀರು ಹಾಕಿ ಗುಡಿಸಿಯೂ ಆಗಿತ್ತು. ಊರಿನ ಹಿರಿಯರೊಬ್ಬರು ಬೀರುವಿನ ಬಾಗಿಲು ಎಳೆದು, ಒಳಗಿನ ಲಾಕರ್ ತೆರೆದು, ಇನ್ನೇನು ಹೋಗಿದೆ ಅಂತ ನೋಡುತ್ತಿದ್ದರು. ಇದ್ದ ಇಬ್ಬರು ಪೇದೆಗಳಲ್ಲಿ ಒಬ್ಬರು ಫೋನಿನಲ್ಲಿದ್ದರು. ಇನ್ನೊಬ್ಬರು "ದಯವಿಟ್ಟು ಆಚೆ ಬನ್ನಿ" ಅಂತ ಕೈಮುಗಿಯುತ್ತಿದ್ದರು. ಅಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಎಲ್ಲರೂ ಆ ಅಜ್ಜಿಯ ಮೇಲಿನ ಪ್ರೀತಿಯಿಂದ, ಸಂಕಟದಿಂದ ಮಾಡಿದ್ದೇ.

ಹಿತ್ತಲ ಬಾಗಿಲಿನ ಆಚೆ ತೋಟದ ಕಾಲುವೆ. ಅದರ ಏರಿಯ ಹಸಿ ಮಣ್ಣಿನಲ್ಲಿ ಒಂದು ಶೂ ಗುರುತು ಮೂಡಿತ್ತು. ಬಲಗಾಲಿನದು. ಹಿಮ್ಮಡಿಯ ಹೊರಗಡೆ ಸವೆದಿತ್ತು, ನಡುವೆ ಅಡ್ಡಕ್ಕೆ ಒಂದು ಸೀಳು. ಅಂಥ ಗುರುತು ಸಿಕ್ಕಿದರೆ ಅದೇ ಕಂಪನಿಯ ಅದೇ ನಂಬರಿನ ಸಾವಿರ ಜೋಡಿ ಶೂಗಳ ನಡುವೆ ಇದೇ ಶೂ ಅಂತ ತೋರಿಸಲು ಆಗುತ್ತದೆ. ಕಂಪನಿ ಮಾಡಿದ ಅಚ್ಚು ಎಲ್ಲದರಲ್ಲೂ ಒಂದೇ. ಸವೆತ, ಸೀಳು ಮಾತ್ರ ಹಾಕಿಕೊಂಡವನ ನಡಿಗೆಯಿಂದ ಬಂದದ್ದು. ಇಂಥದ್ದರ ಫೋಟೋವನ್ನು ನೇರ ಮೇಲಿನಿಂದ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆಯಬೇಕು. ಬೆಳಕನ್ನು ಒಂದು ಮಗ್ಗುಲಿನಿಂದ ಓರೆಯಾಗಿ ಬಿಡಬೇಕು, ಆಗ ಆಳ ಕಾಣುತ್ತದೆ. ಆಮೇಲೆ ಹಲ್ಲಿನ ಅಚ್ಚು ಮಾಡಲು ಬಳಸುವ ಡೆಂಟಲ್ ಸ್ಟೋನ್ ಪುಡಿಯನ್ನು ನೀರಿನಲ್ಲಿ ಕಲಸಿ ಹುಷಾರಾಗಿ ಸುರಿದು, ಗಟ್ಟಿಯಾದ ಮೇಲೆ ಎತ್ತಿದರೆ ಇಡೀ ಗುರುತು ಕೈಗೆ ಬರುತ್ತದೆ.

ನಾನು ಅಳತೆ ಪಟ್ಟಿ ಕೇಳಿದೆ. ಠಾಣೆಯ ಬ್ಯಾಗಿನಲ್ಲಿ ಇರಲಿಲ್ಲ. ಕೊನೆಗೆ ಯಾರದೋ ಬೆಂಕಿಪೊಟ್ಟಣ ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಪೇದೆ ಜಾಣ. ಯಾರೂ ತುಳಿಯಬಾರದು ಅಂತ ಗುರುತಿನ ಮೇಲೆ ಒಂದು ಮಂಕರಿ ಕವುಚಿ, ಮೇಲೆ ಕಲ್ಲು ಹೇರಿ ತಾನೇ ಪಕ್ಕದಲ್ಲಿ ನಿಂತ. ತುಮಕೂರಿನಿಂದ ತಂಡ ಹೊರಟಿದೆ ಅಂತ ಸುದ್ದಿ ಬಂದಿತ್ತು. ಅಷ್ಟರಲ್ಲಿ ತ್ರೀ ಫೇಸ್ ಕರೆಂಟು ಬಂತು. ಬೋರ್‌ವೆಲ್ಲಿಗೆ ಆಟೋ ಸ್ಟಾರ್ಟರ್ ಇತ್ತು. ಮೋಟರು ತಾನೇ ಆನ್ ಆಗಿ ಕಾಲುವೆಗೆ ನೀರು ಬಿತ್ತು. ಪೇದೆ ಸ್ಟಾರ್ಟರ್ ಎಲ್ಲಿದೆ ಅಂತ ಓಡಿ ಹುಡುಕಿ ಆಫ್ ಮಾಡಿ ಬರುವಷ್ಟರಲ್ಲಿ ಏರಿ ಉಕ್ಕಿ ಮಂಕರಿಯ ಕೆಳಗೆ ಬರೀ ಕೆಸರು. ಇಡೀ ಮನೆಯಲ್ಲಿ ಕೊಂದವನು ಬಿಟ್ಟುಹೋದ, ಬೇರೆ ಯಾರೂ ಮುಟ್ಟದ ಗುರುತು ಅದೊಂದೇ ಇದ್ದದ್ದು.

ಆ ಪೇದೆಯ ಮುಖ ನನಗೆ ಮರೆಯುವುದಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತೋಟದಲ್ಲಿ ಸ್ಥಳ ಕಾಯುವುದು ಅಂದರೆ ಮೊದಲು ಸ್ಟಾರ್ಟರ್ ಆಫ್ ಮಾಡುವುದು, ದನ ಕಟ್ಟಿಹಾಕುವುದು, ಕೋಳಿ ಮುಚ್ಚುವುದು ಅಂತ ಯಾವ ಪಟ್ಟಣದ ತರಬೇತಿಯಲ್ಲಿ ಹೇಳಿಕೊಟ್ಟಾರು? ಇದನ್ನು ನಮ್ಮ ಸೀಮೆಯನ್ನು ನೋಡಿಯೇ ಬರೆಯಬೇಕು.

ಫ್ರಾನ್ಸಿನ ಲಿಯಾನ್ ಊರಿನಲ್ಲಿ 1910ರಲ್ಲಿ ಎಡ್ಮಂಡ್ ಲೊಕಾರ್ಡ್ ಅನ್ನುವವರು ಪೊಲೀಸರಿಗಾಗಿ ಒಂದು ಪ್ರಯೋಗಾಲಯ ಶುರು ಮಾಡಿದರು. ಅವರ ವಿಚಾರ ಇವತ್ತಿಗೂ ಈ ವಿದ್ಯೆಯ ಬುನಾದಿ. ಒಬ್ಬ ಮನುಷ್ಯ ಒಂದು ಜಾಗಕ್ಕೆ ಬಂದು ಹೋದರೆ ಏನನ್ನಾದರೂ ಬಿಟ್ಟು ಹೋಗುತ್ತಾನೆ, ಏನನ್ನಾದರೂ ಅಂಟಿಸಿಕೊಂಡು ಹೋಗುತ್ತಾನೆ. ಕೂದಲು, ನೂಲು, ಮಣ್ಣು, ಬೆವರು, ಏನೋ ಒಂದು. ಇದು ಕೊಂದವನಿಗೆ ಮಾತ್ರ ಅನ್ವಯಿಸುವುದಲ್ಲ. ನೋಡಲು ಬಂದ ನೂರು ಜನಕ್ಕೂ ಅನ್ವಯಿಸುತ್ತದೆ. ಅವರೂ ಬಿಡುತ್ತಾರೆ, ಅವರೂ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಶ್ವಾನ ದಳ ಬಂದು, ನಾಯಿ ರಸ್ತೆಯ ತನಕ ಹೋಗಿ ನಿಂತುಬಿಟ್ಟರೆ ನಾವು ನಾಯಿಯನ್ನು ದೂರುತ್ತೇವೆ. ಅಷ್ಟು ಜನರ ವಾಸನೆ ತುಳಿದಾಡಿದ ಜಾಗದಲ್ಲಿ ಅದು ತಾನೇ ಏನು ಮಾಡೀತು?

ಬೆರಳಚ್ಚಿನ ಮಾತೂ ಅಷ್ಟೇ. ಬೆರಳಚ್ಚು ನಮ್ಮ ದೇಶ ಜಗತ್ತಿಗೆ ಕೊಟ್ಟ ವಿದ್ಯೆ ಅಂತ ನಾನು ಹೆಮ್ಮೆಯಿಂದ ಹೇಳುತ್ತೇನೆ. 1897ರಲ್ಲಿ ಕಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾಯಿತು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿ ಎಡ್ವರ್ಡ್ ಹೆನ್ರಿ ಹೆಸರಿನಲ್ಲಿದೆ. ಆದರೆ ಅದರ ಹಿಂದೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳದ ಪೊಲೀಸ್ ಅಧಿಕಾರಿಗಳು. ಇವತ್ತು ನಾಫಿಸ್ ಅನ್ನುವ ರಾಷ್ಟ್ರೀಯ ವ್ಯವಸ್ಥೆ ಇದೆ. ಒಂದು ರಾಜ್ಯದಲ್ಲಿ ಸಿಕ್ಕಿದ ಅಚ್ಚನ್ನು ಇನ್ನೊಂದು ರಾಜ್ಯದ ಹಳೇ ಕಳ್ಳನ ಅಚ್ಚಿನ ಜೊತೆ ಹೋಲಿಸಿ ನೋಡಬಹುದು. ಆಂಧ್ರದ ಗಡಿಗೆ ಅಂಟಿಕೊಂಡಿರುವ ನಮ್ಮ ಜಿಲ್ಲೆಗೆ ಇದಕ್ಕಿಂತ ಬೇಕಾದದ್ದು ಬೇರೆ ಏನಿದೆ? ಆದರೆ ಆ ಕಂಪ್ಯೂಟರಿಗೆ ಹಾಕಲು ಒಂದು ನೆಟ್ಟಗಿನ ಅಚ್ಚು ಬೇಕಲ್ವಾ? ಕಲ್ಲಿನ ಗೋಡೆ, ತೆಂಗಿನ ನಾರಿನ ಹಗ್ಗದ ಮೇಲೆ ಅದು ಕೂರುವುದಿಲ್ಲ. ಗಾಜು, ಸ್ಟೀಲ್ ಲೋಟ, ಬಣ್ಣ ಹೊಡೆದ ಬೀರು ಇಂಥ ನುಣುಪು ಜಾಗದಲ್ಲಿ ಚೆನ್ನಾಗಿ ಕೂರುತ್ತದೆ. ಅದು ಬೆವರು, ಜಿಡ್ಡಿನ ತೆಳು ಗುರುತು. ಮೇಲೊಂದು ಕೈ ಸವರಿದರೆ ಮುಗಿಯಿತು. ಆ ಮನೆಯ ಬೀರುವಿನ ಮೇಲೆ ಪುಡಿ ಹಾಕಿ ನೋಡಿದಾಗ ಒಂದರ ಮೇಲೊಂದು ಕೈಗುರುತು, ಎಲ್ಲವೂ ಊರಿನವರದ್ದೇ.

ಇನ್ನು ಬಟ್ಟೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಒಬ್ಬ ಹುಡುಗನ ಬದುಕು ಇದರ ಮೇಲೆ ನಿಂತಿತ್ತು.

ಆ ತೋಟಕ್ಕೆ ಕಾಯಿ ಕೆಡವಲು ಬರುತ್ತಿದ್ದ ಹುಡುಗನ ಮೇಲೆ ಅನುಮಾನ ಬಂತು. ಅವನ ಮನೆಯಲ್ಲಿ ನೀರಿನಲ್ಲಿ ನೆನೆಸಿಟ್ಟ ಒಂದು ಅಂಗಿ ಸಿಕ್ಕಿತು. ಅದರ ಮೇಲೆ ಕಲೆಗಳಿದ್ದವು. ಹಬ್ಬಕ್ಕೆ ಕೋಳಿ ಕುಯ್ದಾಗ ಆದದ್ದು ಅಂತ ಅವನು ಹೇಳಿದ. ನಿಜವಿರಬಹುದು, ಸುಳ್ಳಿರಬಹುದು. ರಕ್ತ ಮನುಷ್ಯರದ್ದೋ ಪ್ರಾಣಿಯದ್ದೋ ಅಂತ ಹೇಳುವ ಪರೀಕ್ಷೆಯನ್ನು ಪಾಲ್ ಉಲೆನ್‌ಹುಥ್ ಎಂಬ ಜರ್ಮನ್ ವಿಜ್ಞಾನಿ 1901ರಲ್ಲೇ ಕಂಡುಹಿಡಿದಿದ್ದಾರೆ. ಅದೇ ಹೊತ್ತಿಗೆ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದರು. ಇವತ್ತು ಡಿಎನ್‌ಎ ಇದೆ. ಅಂದರೆ ಆ ಹುಡುಗನ ಒಂದು ಮಾತು ಸತ್ಯವೋ ಸುಳ್ಳೋ ಅಂತ ತಿಳಿಯಲು ಬೆಂಗಳೂರಿನ ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದವರಿಗೆ (ಎಫ್‌ಎಸ್‌ಎಲ್) ಒಂದು ಒಳ್ಳೆಯ ತುಂಡು ಬಟ್ಟೆ ಸಾಕಿತ್ತು.

ಆ ಅಂಗಿಯನ್ನು ಹಿಂಡಿ, ಹಸಿಹಸಿಯಾಗಿ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ ಅರಗು ಹಾಕಿದರು. ಅಜ್ಜಿಯ ರಕ್ತವಾದ ಸೀರೆಗೂ ಅದೇ ಗತಿ. ರಕ್ತಮಿಶ್ರಿತ ಮಣ್ಣು, ಸಾದಾ ಮಣ್ಣು ಎರಡೂ ಪ್ಲಾಸ್ಟಿಕ್ ಡಬ್ಬಿಗೆ ಹೋದವು. ಎಲ್ಲವೂ ಠಾಣೆಯ ಮುದ್ದೆಮಾಲು ಕೋಣೆಯಲ್ಲಿ, ಅಂದರೆ ಜಪ್ತಿ ಮಾಡಿದ ವಸ್ತು ಇಡುವ ಕಡೆ, ಕೂತವು. ಪತ್ರ ವ್ಯವಹಾರ ಮುಗಿದು, ಬಂದೋಬಸ್ತು ಮುಗಿದು, ಒಬ್ಬ ಪೇದೆ ಬಿಡುವಾಗಿ ಬೆಂಗಳೂರಿನ ಬಸ್ಸು ಹತ್ತುವಷ್ಟರಲ್ಲಿ ಒಳಗೆ ಬೂಷ್ಟು ಹಿಡಿದಿತ್ತು. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಏನಾಗುತ್ತದೆ ಅಂತ ಯಾವ ಮನೆಯ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಸೂಕ್ಷ್ಮಜೀವಿಗಳು ರಕ್ತವನ್ನೂ ಡಿಎನ್‌ಎಯನ್ನೂ ತಿಂದುಹಾಕುತ್ತವೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕಿದ್ದರೆ ಸಾಕಿತ್ತು. ಖರ್ಚು ನಾಲ್ಕು ಕಾಗದದ ಕವರಿನದ್ದು.

ವರದಿ ಬಂತು. ಕಲೆಗಳು ಶಿಥಿಲವಾಗಿವೆ, ಮೂಲ ನಿರ್ಧರಿಸಲು ಆಗಿಲ್ಲ ಅಂತ.

ಕೋರ್ಟಿನಲ್ಲಿ ನನ್ನ ಸರದಿ ಬಂದಾಗ ವಕೀಲರು ಶೂ ಗುರುತಿನ ಫೋಟೋ ಹಿಡಿದು, "ಈ ಗುರುತಿನ ಉದ್ದ ಎಷ್ಟು?" ಅಂದರು. ಬೆಂಕಿಪೊಟ್ಟಣ ಪಕ್ಕದಲ್ಲಿದೆ ಸ್ವಾಮಿ ಅಂದೆ. "ಆ ಬೆಂಕಿಪೊಟ್ಟಣ ಎಲ್ಲಿದೆ? ಜಪ್ತಿ ಮಾಡಿದ್ದಾರಾ? ಎಲ್ಲಾ ಕಂಪನಿ ಬೆಂಕಿಪೊಟ್ಟಣವೂ ಒಂದೇ ಅಳತೆಯಾ?" ಅಂದರು. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಕಣ್ಣಿನಿಂದ ನೋಡಿದ ಸಾಕ್ಷಿ ಇಲ್ಲದ ಕೇಸಿನಲ್ಲಿ ಪುರಾವೆಯ ಕೊಂಡಿ ಒಂದಕ್ಕೊಂದು ಸೇರಿ, ಆರೋಪಿಯಲ್ಲದೆ ಬೇರೆ ಯಾರೂ ಮಾಡಿರಲು ಸಾಧ್ಯವಿಲ್ಲ ಅನ್ನುವಷ್ಟು ಗಟ್ಟಿಯಾಗಿರಬೇಕು ಅಂತ ಸುಪ್ರೀಂ ಕೋರ್ಟು 1984ರಲ್ಲೇ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಹೇಳಿದೆ. ಇಲ್ಲಿ ಕೂಡಿಸಲು ಒಂದು ಕೊಂಡಿಯೂ ಉಳಿದಿರಲಿಲ್ಲ.

ಹುಡುಗನಿಗೆ ಬಿಡುಗಡೆಯಾಯಿತು, ಸಂಶಯದ ಲಾಭ ಕೊಟ್ಟು. ಅಷ್ಟರಲ್ಲಿ ಅವನು ಜೈಲಿನಲ್ಲಿ ವರ್ಷಗಟ್ಟಲೆ ಕಳೆದಿದ್ದ. ಊರಿಗೆ ಬಂದರೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವನು ಕೊಂದನೋ ಇಲ್ಲವೋ ನನಗೆ ಗೊತ್ತಿಲ್ಲ. ಊರಿಗೂ ಗೊತ್ತಿಲ್ಲ, ಅಜ್ಜಿಯ ಮಗನಿಗೂ ಗೊತ್ತಿಲ್ಲ. ನನಗೆ ಸಂಕಟವಾಗುವುದು ಇದಕ್ಕೇ. ಕೊಂದವನು ಅವನೇ ಆಗಿದ್ದರೆ ಅಜ್ಜಿಗೆ ನ್ಯಾಯ ಸಿಗಲಿಲ್ಲ. ಅವನಲ್ಲದಿದ್ದರೆ ಅವನಿಗೂ ಸಿಗಲಿಲ್ಲ, ಅಜ್ಜಿಗೂ ಸಿಗಲಿಲ್ಲ, ನಿಜವಾದವನು ಎಲ್ಲೋ ಆರಾಮಾಗಿದ್ದಾನೆ.

ವಿಧಿವಿಜ್ಞಾನ ಅಂದರೆ ಹಿಡಿದುಕೊಡುವ ವಿದ್ಯೆ ಅಂತ ಜನ ಅಂದುಕೊಂಡಿದ್ದಾರೆ. ಬಿಡಿಸುವ ವಿದ್ಯೆಯೂ ಹೌದು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರೀಸ್ 1984ರಲ್ಲಿ ಡಿಎನ್‌ಎ ಗುರುತಿನ ವಿಧಾನ ಕಂಡುಹಿಡಿದರು. ಅಲ್ಲೇ ಹತ್ತಿರದ ಹಳ್ಳಿಗಳಲ್ಲಿ ಇಬ್ಬರು ಹೆಣ್ಣುಮಕ್ಕಳ ಕೊಲೆಯಾಗಿತ್ತು. ಹದಿನೇಳು ವರ್ಷದ ಹುಡುಗನೊಬ್ಬ ಒಂದು ಕೊಲೆಯನ್ನು ತಾನೇ ಮಾಡಿದ್ದು ಅಂತ ಪೊಲೀಸರ ಮುಂದೆ ಒಪ್ಪಿಕೊಂಡೂ ಬಿಟ್ಟಿದ್ದ. ಡಿಎನ್‌ಎ ನೋಡಿದರೆ ಅವನಲ್ಲ! ಎರಡನ್ನೂ ಮಾಡಿದವನು ಬೇರೊಬ್ಬ. ಅವನು ಆಮೇಲೆ ಸಿಕ್ಕಿಬಿದ್ದು, 1988ರಲ್ಲಿ ಶಿಕ್ಷೆಯಾಯಿತು. ಈ ವಿದ್ಯೆ ಕೊಲೆ ಕೇಸಿನಲ್ಲಿ ಮೊದಲು ಮಾಡಿದ ಕೆಲಸವೇ ಒಬ್ಬ ನಿರಪರಾಧಿಯನ್ನು ಉಳಿಸಿದ್ದು. ಅಲ್ಲಿ ಪರೀಕ್ಷೆ ಮಾಡಲು ಕೆಡದ ಮಾದರಿ ಇತ್ತು, ಅದಕ್ಕೇ ಆಯಿತು.

ಇದು ಹಳ್ಳಿಯ ಸಮಸ್ಯೆ ಮಾತ್ರ ಅಂತಲೂ ತಿಳಿಯಬೇಡಿ. 2008ರಲ್ಲಿ ನೋಯ್ಡಾದಲ್ಲಿ ಆರುಷಿ ಎಂಬ ಹುಡುಗಿಯೂ ಅವಳ ಮನೆಕೆಲಸದವರೂ ಕೊಲೆಯಾದ ಪ್ರಕರಣದಲ್ಲಿ ಓದಿದವರ ಮನೆ, ದಿಲ್ಲಿಯ ಪಕ್ಕದ ಊರು. ಅಲ್ಲೂ ಮನೆಯ ತುಂಬಾ ಜನ ಓಡಾಡಿದರು. ಮನೆಕೆಲಸದವರ ಹೆಣ ಅದೇ ಕಟ್ಟಡದ ತಾರಸಿಯ ಮೇಲಿತ್ತು, ಸಿಕ್ಕಿದ್ದು ಮಾರನೇ ದಿನ. ಕೊಲೆಯ ಆರೋಪ ಹೊತ್ತಿದ್ದ ಹುಡುಗಿಯ ತಂದೆತಾಯಿಯನ್ನು 2017ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. ಆ ಎರಡು ಕೊಲೆಗಳಿಗೆ ಇವತ್ತಿಗೂ ದೇಶಕ್ಕೆ ಉತ್ತರ ಸಿಕ್ಕಿಲ್ಲ.

ಕೊಲೆಗಿಂತ ಜಾಸ್ತಿ ನಾನು ಫೋಟೋ ತೆಗೆಯಲು ಹೋಗುವುದು ಯುಡಿಆರ್ ಕೇಸುಗಳಿಗೆ. ಅಸಹಜ ಸಾವು. ಅದರಲ್ಲೂ ಗಿಡಕ್ಕೆ ಹೊಡೆಯುವ ಔಷಧಿ ಕುಡಿದ ಸಾವು. ಇಲ್ಲಿ ಸ್ಥಳ ಅಂತ ಒಂದಿದೆ ಅನ್ನುವುದೇ ಯಾರ ಗಮನಕ್ಕೂ ಬರುವುದಿಲ್ಲ. ವಾಂತಿಯ ಮೇಲೆ ಬೂದಿ ಹಾಕಿ ಬಳಿದಿರುತ್ತಾರೆ. ಲೋಟ ತೊಳೆದು ಮಗುಚಿ ಹಾಕಿರುತ್ತಾರೆ. ಔಷಧಿ ಡಬ್ಬಿ ತಿಪ್ಪೆಗೆ ಹೋಗಿರುತ್ತದೆ. ಮದುವೆಯಾಗಿ ಮೂರೋ ನಾಲ್ಕೋ ವರ್ಷವಾದ ಹೆಣ್ಣುಮಗಳು ಸತ್ತಿದ್ದಾಳೆ, ತವರಿನವರು ಒಂದು ಹೇಳುತ್ತಾರೆ, ಗಂಡನ ಮನೆಯವರು ಒಂದು ಹೇಳುತ್ತಾರೆ. ತಾನೇ ಕುಡಿದಳಾ, ಯಾರಾದರೂ ಕುಡಿಸಿದರಾ? ಆ ಲೋಟದ ಮೇಲೆ ಯಾರ ಬೆರಳಿತ್ತು, ಡಬ್ಬಿಯ ಮುಚ್ಚಳ ಯಾರು ತೆಗೆದರು ಅನ್ನುವುದಕ್ಕೆ ಆ ಲೋಟ, ಆ ಡಬ್ಬಿಯೇ ಸಾಕ್ಷಿ. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಒಳಾಂಗಗಳನ್ನು ಸಾಮಾನ್ಯವಾಗಿ ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿ ಇಡುತ್ತಾರೆ. ಫಾರ್ಮಲಿನ್‌ನಲ್ಲಿ ಇಟ್ಟರೆ ವಿಷ ಪತ್ತೆ ಮಾಡುವುದು ಕಷ್ಟ ಅಂತ ವೈದ್ಯರೊಬ್ಬರು ನನಗೆ ವಿವರಿಸಿದ್ದರು. ಆ ಬಾಟಲಿಯ ಜೊತೆಗೆ ಔಷಧಿ ಡಬ್ಬಿಯೂ ಹೋದರೆ ಏನನ್ನು ಹುಡುಕಬೇಕು ಅಂತ ಪ್ರಯೋಗಾಲಯದವರಿಗೆ ಮೊದಲೇ ತಿಳಿಯುತ್ತದೆ. ಇಷ್ಟು ಸಣ್ಣ ವಿಷಯ. ಒಂದು ಹೆಣ್ಣಿನ ಸಾವಿನ ಸತ್ಯ ಅದರಲ್ಲಿದೆ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಸ್ಥಳ ಕೆಡಿಸುವವರಲ್ಲಿ ದೊಡ್ಡವರೂ ಇದ್ದಾರೆ. ಹಗ್ಗ ಕಟ್ಟಿದರೆ ಊರಿನವರು ನಿಲ್ಲುತ್ತಾರೆ. ಮುಖಂಡರು ಬಂದರೆ ಹಗ್ಗ ಎತ್ತಿ ಒಳಗೆ ಬಿಡುತ್ತಾರೆ. ಅವರ ಹಿಂದೆ ಹತ್ತು ಜನ, ಆ ಹತ್ತು ಜನರ ಹಿಂದೆ ಚಾನೆಲ್ಲಿನ ಕ್ಯಾಮೆರಾ. ತಡೆಯುವ ಪೇದೆಗೆ ನಾಳೆ ವರ್ಗಾವಣೆಯ ಭಯ. ಅವನಿಗೆ ಬೆನ್ನೆಲುಬಾಗಿ ನಿಲ್ಲುವ ಒಂದು ಲಿಖಿತ ಆದೇಶ ಇದ್ದರೆ ಅವನು ಧೈರ್ಯವಾಗಿ ಹೇಳಿಯಾನು. ಸತ್ತವರ ಫೋಟೋ ಕೇಳಿಕೊಂಡು ನನ್ನ ಅಂಗಡಿಗೂ ಜನ ಬರುತ್ತಾರೆ, ವಾಟ್ಸಾಪಿಗೆ ಹಾಕಲು. ನಾನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆದರೆ ನಾನು ಕೊಡದಿದ್ದರೂ ಅಷ್ಟರಲ್ಲಿ ಮೊಬೈಲುಗಳಲ್ಲಿ ಎಲ್ಲಾ ಕಡೆ ಹೋಗಿರುತ್ತದೆ. ಅಜ್ಜಿಯ ಮೊಮ್ಮಗಳು ಬೆಂಗಳೂರಿನಲ್ಲಿ ಆಫೀಸಿನಲ್ಲಿದ್ದಾಗ ಅಜ್ಜಿ ಸತ್ತದ್ದನ್ನು ತಿಳಿದದ್ದು ಅಂಥ ಒಂದು ಫೋಟೋ ನೋಡಿ.

ಮಾನ್ಯರೇ, ನಾನು ಕೇಳುತ್ತಿರುವುದು ಕೋಟಿಗಟ್ಟಲೆಯ ಯಂತ್ರವನ್ನಲ್ಲ. ಮೊದಲು ಬರುವವರು 112ರ ಗಾಡಿಯವರು, ಇಲ್ಲವೇ ಬೀಟ್ ಪೇದೆ. ಅವರ ಕೈಗೆ ಒಂದು ಚೀಲ ಕೊಡಿ. ಅದರಲ್ಲಿ ಸುತ್ತ ಕಟ್ಟುವ ಟೇಪು, ಕೈಗವಸು, ಕಾಲಿಗೆ ಹಾಕುವ ಕವರು, ಬೇರೆ ಬೇರೆ ಅಳತೆಯ ಕಾಗದದ ಕವರು, ಅಳತೆ ಪಟ್ಟಿ, ನಂಬರು ಬರೆದ ಗುರುತಿನ ಪಟ್ಟಿ, ಒಳ್ಳೆಯ ಟಾರ್ಚು ಇರಲಿ. ಜೊತೆಗೆ ಒಂದು ನೋಟ್‌ಬುಕ್ಕು. ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು, ಯಾಕೆ ಹೋದರು, ಯಾವಾಗ ಹೊರಗೆ ಬಂದರು ಅಂತ ಅದರಲ್ಲಿ ಬರೆಯಬೇಕು. ಮಂತ್ರಿಯಾದರೂ ಸರಿ, ಮೇಲಧಿಕಾರಿಯಾದರೂ ಸರಿ, ಒಳಗೆ ಹೋದವರ ಸಹಿ ಬೀಳಬೇಕು. ಹೀಗೊಂದು ಆದೇಶ ಇಲಾಖೆಯಿಂದ ಬಂದರೆ ಅರ್ಧ ಜನ ತಾವಾಗಿಯೇ ಹೊರಗೆ ನಿಲ್ಲುತ್ತಾರೆ. ಒಳಗೆ ಹೋಗಲು ಬರಲು ಒಂದೇ ದಾರಿ ಇರಬೇಕು, ಅದು ಆರೋಪಿ ಓಡಾಡಿರಬಹುದಾದ ದಾರಿಯನ್ನು ಬಿಟ್ಟು ಇರಬೇಕು.

ಪ್ರತಿ ಠಾಣೆಯಲ್ಲಿ ಹಸಿ ಬಟ್ಟೆ ಒಣಗಿಸಲು ಬೀಗ ಹಾಕಬಹುದಾದ, ಗಾಳಿಯಾಡುವ ಒಂದು ಸಣ್ಣ ಕಪಾಟು ಮಾಡಿಸಿ. ಆರೋಪಿಯ ಬಟ್ಟೆ, ಸತ್ತವರ ಬಟ್ಟೆ ಎರಡನ್ನೂ ಅಕ್ಕಪಕ್ಕ ಇಡಬಾರದು ಅಂತ ಅದರ ಬಾಗಿಲ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಮುದ್ದೆಮಾಲು ಠಾಣೆಯಿಂದ ಪ್ರಯೋಗಾಲಯಕ್ಕೆ ಹೊರಡಲು ಇಷ್ಟೇ ದಿನ ಅಂತ ಗಡುವು ಹಾಕಿ. ಅದನ್ನು ಒಯ್ಯಲು ಬಂದೋಬಸ್ತಿನ ನಡುವೆ ಬಿಡುವು ಸಿಕ್ಕ ಪೇದೆಯನ್ನು ಬಸ್ಸಿಗೆ ಹತ್ತಿಸುವ ಬದಲು, ವಾರಕ್ಕೊಮ್ಮೆ ಎಲ್ಲಾ ತಾಲ್ಲೂಕುಗಳನ್ನು ಸುತ್ತಿ ಮಡಿವಾಳಕ್ಕೆ ಹೋಗುವ ಒಂದು ಗಾಡಿ ಜಿಲ್ಲೆಗೆ ಕೊಡಿ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಲೆಕ್ಕವೂ ಆಗ ನೆಟ್ಟಗಿರುತ್ತದೆ.

ತನಿಖೆ ಎಲ್ಲಿಗೆ ಬಂತು ಅಂತ ತೊಂಬತ್ತು ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ಹೊಸ ಸಂಹಿತೆಯ 193ನೇ ಸೆಕ್ಷನ್ ಹೇಳುತ್ತದೆ. ಆ ತಿಳುವಳಿಕೆಯಲ್ಲಿ ಮಾದರಿ ಯಾವ ದಿನ ಪ್ರಯೋಗಾಲಯಕ್ಕೆ ಹೋಯಿತು, ವರದಿ ಬಂತಾ ಇಲ್ಲವಾ ಅನ್ನುವ ಒಂದು ಸಾಲು ಸೇರಿಸಿ. ಅಜ್ಜಿಯ ಮಗ ಠಾಣೆಗೆ ಹೋದಾಗಲೆಲ್ಲಾ "ಎಫ್‌ಎಸ್‌ಎಲ್‌ನಿಂದ ಬಂದಿಲ್ಲ" ಅನ್ನುವ ಉತ್ತರ ಸಿಗುತ್ತಿತ್ತು. ಮುದ್ದೆಮಾಲು ಇನ್ನೂ ಠಾಣೆ ಬಿಟ್ಟೇ ಹೋಗಿಲ್ಲ ಅಂತ ಅವನಿಗೆ ಬಹಳ ದಿನ ಗೊತ್ತೇ ಇರಲಿಲ್ಲ.

ತರಬೇತಿಯನ್ನು ಪೊಲೀಸರಿಗಷ್ಟೇ ಕೊಟ್ಟರೆ ಸಾಲದು. ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಡೇರಿ ಕಾರ್ಯದರ್ಶಿಗಳು, ಮಹಜರಿಗೆ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಸಹಿ ಹಾಕಲು ಕರೆಸಿಕೊಳ್ಳುವ ಊರಿನವರು, ಇವರಿಗೆಲ್ಲಾ ವರ್ಷಕ್ಕೊಮ್ಮೆ ಅರ್ಧ ದಿನ ಹೇಳಿಕೊಡಿ. ಮಹಜರಿನಲ್ಲಿ ಏನು ಬರೆದಿದೆ ಅಂತ ಓದದೆ ಸಹಿ ಹಾಕಿ, ಕೋರ್ಟಿನಲ್ಲಿ ನಿಂತು "ಠಾಣೆಯಲ್ಲಿ ಸಹಿ ಮಾಡಿಸಿಕೊಂಡರು" ಅನ್ನುವ ಪಂಚರಿಂದ ಎಷ್ಟು ಕೇಸು ಬಿದ್ದಿಲ್ಲ?

ನನ್ನ ಜಿಲ್ಲೆಯ ಜನರಲ್ಲೂ ಒಂದು ಪ್ರಾರ್ಥನೆ. ಇಂಥದ್ದು ಕಂಡರೆ ಮೊದಲು ಜೀವ ಇದೆಯಾ ನೋಡಿ. ಇದ್ದರೆ ಯಾವ ಪುರಾವೆಯ ಬಗ್ಗೆಯೂ ಯೋಚಿಸಬೇಡಿ, ಆಸ್ಪತ್ರೆಗೆ ಓಡಿ. ಜೀವ ಹೋಗಿದ್ದರೆ ಹೋದ ದಾರಿಯಲ್ಲೇ ಹೊರಗೆ ಬಂದು 112ಕ್ಕೆ ಫೋನ್ ಮಾಡಿ ಬಾಗಿಲಲ್ಲಿ ನಿಲ್ಲಿ. ಒರೆಸಬೇಡಿ, ತೊಳೆಯಬೇಡಿ, ಹೊದಿಸಬೇಡಿ. ನೇಣಿನ ಗಂಟು ಬಿಚ್ಚಬೇಡಿ. ಇಳಿಸಲೇಬೇಕಾದರೆ ಗಂಟು ಬಿಟ್ಟು ಹಗ್ಗದ ಬೇರೆ ಕಡೆ ಕತ್ತರಿಸಿ. ತೋಟವಾದರೆ ಸ್ಟಾರ್ಟರ್ ಆಫ್ ಮಾಡಿ. ಅಲ್ಲಿ ಬೀಡಿ ಸೇದಬೇಡಿ, ಎಲೆಅಡಿಕೆ ಉಗಿಯಬೇಡಿ. ಹತ್ತಿರದವರು ಹೀಗೆ ಬಿದ್ದಿರುವಾಗ ಮುಟ್ಟದೆ ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅವರಿಗಾಗಿ ಆ ಹೊತ್ತಿನಲ್ಲಿ ನಾವು ಮಾಡಬಹುದಾದ ದೊಡ್ಡ ಕೆಲಸ ಅದೇ.

ಮಾನ್ಯರೇ, ಐದು ವರ್ಷದ ಗಡುವು 2029ಕ್ಕೆ ಮುಗಿಯುತ್ತದೆ. ಅಲ್ಲಿಯ ತನಕ ಕಾಯದೆ, ದೂರದ ತಾಲ್ಲೂಕುಗಳಿಂದ, ಪಾವಗಡ, ಶಿರಾ, ಮಧುಗಿರಿ ಕಡೆಯಿಂದ, ಈ ಕೆಲಸ ಶುರು ಮಾಡಿ. ತರಬೇತಿಗೆ ಫೋಟೋಗಳು ಬೇಕಾದರೆ, ಸತ್ತವರ ಗುರುತು ಸಿಗದ ಹಾಗೆ, ಸರಿಯಾಗಿ ತೆಗೆಯುವುದು ಹೇಗೆ ಅನ್ನುವುದನ್ನು ತೋರಿಸಿ ನಾನೇ ಬಂದು ಹೇಳಿಕೊಡುತ್ತೇನೆ. ದುಡ್ಡು ಬೇಡ. ಮೊದಲ ಚೀಲ ಯಾವ ಠಾಣೆಗೆ, ಯಾವ ತಿಂಗಳು ಬರುತ್ತದೆ ಅಂತ ಇಲಾಖೆ ಒಂದು ಲಿಖಿತ ಉತ್ತರ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸ್ಟುಡಿಯೋ ಫೋಟೋಗ್ರಾಫರ್,
ತುಮಕೂರು ಜಿಲ್ಲೆ